ತಂದೆಯವರ ದಿನಚರಿ ಪುಸ್ತಕಗಳು: ಕೆಲಸ ಎಲ್ಲಿಗೆ ಬಂತು

ಪಶುವೈದ್ಯರಾಗಿ ದುಡಿದು ನಿವೃತ್ತರಾದ ನಮ್ಮ ತಂದೆಯವರು ಬಿಟ್ಟುಹೋದ ದಿನಚರಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಅವುಗಳ ಆಧಾರದ ಮೇಲೆ ಅವರ ಬದುಕನ್ನು ಮನೆಮಂದಿಗಾಗಿ ಬರೆದಿಡುವ ಕೆಲಸ ಈಗ ಅರ್ಧಕ್ಕಿಂತ ಮುಂದೆ ಬಂದಿದೆ. ತುಕ್ಕು ಹಿಡಿದ ಪಿನ್ನುಗಳನ್ನು ತೆಗೆದು, ಹಾಳೆಗಳ ನಡುವೆ ಆಮ್ಲರಹಿತ ಕಾಗದ ಇರಿಸಿ, ಪ್ರತಿ ಪುಟವನ್ನೂ 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ) ಅಳತೆಯಲ್ಲಿ ಟಿಫ್ ಎಂಬ ಬಗೆಯ ಚಿತ್ರ ಕಡತವಾಗಿ ಉಳಿಸುತ್ತಿದ್ದೇನೆ. ಪೆನ್ಸಿಲಿನ ಬರಹ ಮಾಸಿರುವ ಪುಟಗಳನ್ನು ಬಣ್ಣದಲ್ಲಿಯೇ ಸ್ಕ್ಯಾನ್ ಮಾಡುವುದು ಒಳ್ಳೆಯದು, ಏಕೆಂದರೆ ಬರೀ ಕಪ್ಪು-ಬಿಳುಪಿನಲ್ಲಿ ತೆಳುವಾದ ಗೆರೆಗಳು ಅಳಿಸಿಹೋಗುತ್ತವೆ.

ವೃತ್ತಿಗೆ ಒಂದು ಭಾಗ, ಸಂಸಾರಕ್ಕೆ ಇನ್ನೊಂದು ಎಂದು ಮೊದಲು ಯೋಜಿಸಿದ್ದೆ. ಪುಟಗಳನ್ನು ಓದುತ್ತ ಹೋದಂತೆ ಆ ವಿಂಗಡಣೆಯನ್ನು ಕೈಬಿಟ್ಟೆ. ತಂದೆಯವರು ಎರಡನ್ನೂ ಒಂದೇ ಪುಟದಲ್ಲಿ, ಒಂದೇ ಶಾಯಿಯಲ್ಲಿ ಬರೆದಿದ್ದಾರೆ. ಒಂದು ಪುಟದಲ್ಲಿ ಗಬ್ಬದ ಹಸುವೊಂದರ ತಪಾಸಣೆಯ ವಿವರವಿದೆ: ಮೈಬಿಸಿ 101.5 ಡಿಗ್ರಿ ಫ್ಯಾರನ್‌ಹೀಟ್, ಮೆಲುಕು ಸರಿಯಾಗಿದೆ, ಚಿಂತೆಯಿಲ್ಲ. ಅದರ ಕೆಳಗೆ ನನ್ನ ತಂಗಿಯ ಹೆಸರು, ಮುಂದೆ ಅದೇ 101.5. ಹಸುವಿಗೆ ಅದು ಸಹಜ ಬಿಸಿ, ಮಗುವಿಗೆ ಜ್ವರ. ಆ ರಾತ್ರಿ ಎರಡು ಗಂಟೆಗೊಮ್ಮೆ ಅಳೆದ ಅಂಕಿಗಳು ಅಂಚಿನಲ್ಲಿ ಸಾಲಾಗಿ ಇಳಿದು, ಬೆಳಗಿನ ಹೊತ್ತಿಗೆ 98.6ಕ್ಕೆ ನಿಂತಿವೆ. ಇಂತಹ ಪುಟವನ್ನು ಎರಡು ಅಧ್ಯಾಯಗಳಿಗೆ ಹರಿದು ಹಂಚಲು ನನಗೆ ಮನಸ್ಸಾಗಲಿಲ್ಲ.

ಹೆಚ್ಚು ಸಮಯ ತೆಗೆದುಕೊಂಡದ್ದು ಹಾಲುಜ್ವರದ ಟಿಪ್ಪಣಿಗಳು. ಹೆಸರಿನಲ್ಲಿ ಜ್ವರವಿದ್ದರೂ ಈ ಕಾಯಿಲೆಯಲ್ಲಿ ಮೈ ಬಿಸಿಯಾಗುವುದಿಲ್ಲ. ಕರು ಹಾಕಿದ ಮೊದಲ ಎರಡು ಮೂರು ದಿನಗಳಲ್ಲಿ ಕೆಚ್ಚಲಿಗೆ ಒಮ್ಮೆಲೇ ಹಾಲು ಇಳಿಯುವಾಗ ರಕ್ತದ ಕ್ಯಾಲ್ಸಿಯಂ ಕುಸಿದು, ಹಸು ನಿಲ್ಲಲಾರದೆ ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿಬಿಡುತ್ತದೆ, ಕಿವಿಗಳು ತಣ್ಣಗಾಗುತ್ತವೆ. ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ದ್ರಾವಣದ ಬಾಟಲಿಯನ್ನು ಮೈಬಿಸಿಗೆ ಬೆಚ್ಚಗೆ ಮಾಡಿ, ಕತ್ತಿನ ರಕ್ತನಾಳಕ್ಕೆ ನಿಧಾನವಾಗಿ ಹರಿಸಬೇಕು. ಅವಸರ ಮಾಡಿದರೆ ಹೃದಯವೇ ನಿಲ್ಲಬಹುದು. ಆದ್ದರಿಂದ ತಂದೆಯವರು ಒಂದು ಕೈಯಲ್ಲಿ ಬಾಟಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಸ್ಟೆತಸ್ಕೋಪನ್ನು ಹಸುವಿನ ಎದೆಗೆ ಒತ್ತಿಕೊಂಡೇ ಇರುತ್ತಿದ್ದರಂತೆ. ಟಿಪ್ಪಣಿಗಳ ಕೊನೆಯಲ್ಲಿ ಹೆಚ್ಚಾಗಿ ಒಂದೇ ಮಾತು: ‘ತೇಗಿತು, ಸಗಣಿ ಹಾಕಿತು, ಎದ್ದಿತು.’ ಈ ಮೂರು ಕ್ರಿಯಾಪದಗಳನ್ನು ತಿದ್ದದೆ ಹಾಗೆಯೇ ಉಳಿಸಿದ್ದೇನೆ. ಹಸು ಎದ್ದು ನಿಂತ ಮೇಲೂ ಅವರು ಅರ್ಧ ಗಂಟೆ ಅಲ್ಲಿಯೇ ಕಾಯುತ್ತಿದ್ದರು ಎಂದು ಅಮ್ಮ ಹೇಳಿದ್ದನ್ನು ಅಡಿಟಿಪ್ಪಣಿಯಾಗಿ ಸೇರಿಸಿದೆ.

ದನಗಳನ್ನು ಹಿಂಡುಗಟ್ಟಲೆ ಕೊಲ್ಲುತ್ತಿದ್ದ ದೊಡ್ಡರೋಗದ (ರಿಂಡರ್‌ಪೆಸ್ಟ್) ಅಧ್ಯಾಯ ಮುಗಿದಿದೆ. ತಂದೆಯವರ ಆರಂಭದ ವರ್ಷಗಳ ಪುಸ್ತಕಗಳಲ್ಲಿ ಲಸಿಕೆ ಹಾಕಿದ ದನಗಳ ಪಟ್ಟಿಗಳೇ ಪುಟಗಟ್ಟಲೆ ಇವೆ. ಪಶುವೈದ್ಯ ವಿಜ್ಞಾನಿ ವಾಲ್ಟರ್ ಪ್ಲೌರೈಟ್ ಅವರು ಕೀನ್ಯಾದಲ್ಲಿ ಅಭಿವೃದ್ಧಿಪಡಿಸಿದ ಲಸಿಕೆ ಈ ರೋಗವನ್ನು ಹಿಮ್ಮೆಟ್ಟಿಸಿತು. 1999ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. 2011ರಲ್ಲಿ ಜಗತ್ತು ದೊಡ್ಡರೋಗದಿಂದ ಮುಕ್ತವಾಗಿದೆಯೆಂದು ಘೋಷಿಸಲಾಯಿತು. ಸಿಡುಬಿನ ನಂತರ ಮನುಷ್ಯ ಪ್ರಯತ್ನದಿಂದ ನಿರ್ಮೂಲವಾದ ಎರಡನೆಯ ರೋಗ ಇದು. ಆಗ ನಿವೃತ್ತರಾಗಿದ್ದ ತಂದೆಯವರು ಆ ಸುದ್ದಿಯ ಪತ್ರಿಕಾ ತುಣುಕನ್ನು ಹಳೆಯ ಲಸಿಕೆ ಪಟ್ಟಿಯ ಎದುರು ಪುಟದಲ್ಲಿ ಅಂಟಿಸಿ, ಏನನ್ನೂ ಬರೆಯದೆ ದಿನಾಂಕ ಮಾತ್ರ ಹಾಕಿದ್ದಾರೆ. ಆ ದೊಡ್ಡ ಕೆಲಸದಲ್ಲಿ ಅವರ ಪಾಲೂ ಇತ್ತು. ಎರಡೂ ಪುಟಗಳು ಒಟ್ಟಿಗೆ ಕಾಣುವಂತೆ ಮುದ್ರಿಸಬೇಕೆಂಬುದು ನನ್ನ ಆಸೆ.

ದನಗಳ ಒಡೆಯರ ಹೆಸರುಗಳನ್ನು ಪ್ರತಿಯಿಂದ ಕೈಬಿಟ್ಟಿದ್ದೇನೆ. ಸಾಲ, ಜಗಳ, ಮನೆಯ ಕಷ್ಟಗಳನ್ನು ಜನರು ವೈದ್ಯರ ಮುಂದೆ ಹೇಳಿಕೊಂಡದ್ದು ಅವರ ಮೇಲಿನ ನಂಬಿಕೆಯಿಂದ, ಹಾಗಾಗಿ ಅವು ನಮ್ಮ ಪುಸ್ತಕದಲ್ಲಿ ಬರಬಾರದು. ದನಗಳ ಹೆಸರುಗಳು ಮಾತ್ರ ಇದ್ದಂತೆಯೇ ಇವೆ.

ಸದ್ಯ ಅಮ್ಮನ ನೆನಪುಗಳನ್ನು ಧ್ವನಿಮುದ್ರಿಸುತ್ತಿದ್ದೇನೆ. ‘ಹೇಗಿದ್ದರು’ ಎಂದು ಕೇಳಿದರೆ ‘ಒಳ್ಳೆಯವರಿದ್ದರು’ ಎನ್ನುತ್ತಾರೆ; ಒಂದು ಪುಟ ಓದಿ ಹೇಳಿದರೆ ಅಂದು ಅವರು ಮನೆಗೆ ಎಷ್ಟು ಹೊತ್ತಿಗೆ ಬಂದರು, ಯಾವ ಮಗು ಎದ್ದು ಬಾಗಿಲು ತೆಗೆಯಿತು ಎಂಬುದನ್ನೂ ಹೇಳುತ್ತಾರೆ. ಆದುದರಿಂದ ಉಳಿದ ಪುಸ್ತಕಗಳನ್ನು ಮೊದಲು ಅಮ್ಮನ ಮುಂದೆ ಓದಿ, ಅವರ ಮಾತನ್ನು ಆಯಾ ಪುಟದ ಸಂಖ್ಯೆಯೊಂದಿಗೆ ಗುರುತು ಮಾಡಿಕೊಂಡ ನಂತರವೇ ಮುಂದಿನ ಅಧ್ಯಾಯ ಬರೆಯಲಿದ್ದೇನೆ. ಫೋಟೋ ನೆಗೆಟಿವ್‌ಗಳ ಡಬ್ಬಿಯನ್ನು ಅದಾದ ಮೇಲೆ ತೆರೆಯುತ್ತೇನೆ.