ನಾಲ್ಕನೇ ಕ್ಯಾಮೆರಾದಿಂದ 'ಕ್ಲಿಯರ್' ಬರಲಿಲ್ಲ

ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಕೈದಿಗಳಿಂದ ಕಟ್ಟಿಸಿದ ಬರ್ಮಾ ರೈಲುದಾರಿ; ಅಲ್ಲಿನ ಯುದ್ಧಕೈದಿಗಳ ಶಿಬಿರದ ಕಥೆ ನಮ್ಮ ಸಿನಿಮಾ, ನಾನು ಅಸೋಸಿಯೇಟ್ ಡೈರೆಕ್ಟರ್. 1943ರಲ್ಲಿ ಕೆಲಸ ಬೇಗ ಮುಗಿಸಬೇಕೆಂದು ಕಾವಲುಗಾರರು ಕೈದಿಗಳ ಮೇಲೆ 'ಸ್ಪೀಡೋ, ಸ್ಪೀಡೋ' ಅಂತ ಅರಚುತ್ತಿದ್ದರಂತೆ. ಸ್ಕ್ರಿಪ್ಟ್‌ನಲ್ಲಿ ಅದಿತ್ತು. ನಮ್ಮ ಪ್ರೊಡಕ್ಷನ್ ಮ್ಯಾನೇಜರ್‌ಗೆ ಅದು ಎಷ್ಟು ಹಿಡಿಸಿತೆಂದರೆ, ಲೈಟ್‌ಬಾಯ್‌ಗಳಿಂದ ಹಿಡಿದು ಮೇಕಪ್‌ನವರವರೆಗೆ ಎಲ್ಲರಿಗೂ ಅದೇ ಮಂತ್ರ. ಆ 415 ಕಿಲೋಮೀಟರ್ ದಾರಿಗೆ 12,000ಕ್ಕೂ ಹೆಚ್ಚು ಕೈದಿಗಳು, ಅವರ ಹಲವು ಪಟ್ಟು ಏಷ್ಯಾದ ಕೂಲಿಗಳು ಸತ್ತರು. ಇವರಿಗೆ ಅದು ತಮಾಷೆ.

ಆವತ್ತು ಕಾವಲು ಗೋಪುರ ಸಿಡಿಯುವ ಶಾಟ್. ಆರ್ಟ್‌ನವರು ಕಟ್ಟಿದ್ದು ಒಂದೇ ಗೋಪುರ, ರೀಟೇಕ್ ಇಲ್ಲ. ಹೊಳೆಯಾಚೆ ಪೊದೆಯಲ್ಲಿದ್ದ ನಾಲ್ಕನೇ ಕ್ಯಾಮೆರಾವನ್ನು ರೋಲ್ ಮಾಡಿ, ಹುಡುಗ ಬಂಡೆ ಹಿಂದೆ ಹೋಗಿ ವಾಕಿಟಾಕಿಯಲ್ಲಿ 'ಕ್ಲಿಯರ್' ಅನ್ನಬೇಕು.

ಒಂದು, ಎರಡು, ಮೂರು ಬಂತು. ನಾಲ್ಕರಿಂದ ಬರೀ ಕರಕರ.

"ಅವನು ಹೋಗಿರ್ತಾನ್ರೀ, ಹೊಡೆಸ್ರಿ. ಲೈಟ್ ಹೋಗ್ತಾ ಇದೆ" ಅಂದರು ಮ್ಯಾನೇಜರ್. ಎಫೆಕ್ಟ್ಸ್ ಮಾಸ್ಟರ್ ಸ್ವಿಚ್‌ನ ಮುಚ್ಚಳ ತೆಗೆದು ನನ್ನನ್ನೇ ನೋಡುತ್ತಿದ್ದರು. ಮಾನಿಟರ್‌ನ ನಾಲ್ಕನೇ ಚೌಕದಲ್ಲಿ ಗೋಪುರ ಚೆನ್ನಾಗಿ ಕಾಣುತ್ತಿತ್ತು, ಬಿದಿರಿನ ಮೇಲೆ ಹಳದಿ ಬಿಸಿಲು, ಫೋಕಸ್ ಪಕ್ಕಾ. ಆದರೆ ಕ್ಯಾಮೆರಾದ ಹಿಂದೆ ಯಾರಾದರೂ ಇದ್ದಾರೋ ಇಲ್ಲವೋ, ಅದನ್ನು ಯಾವ ಮಾನಿಟರ್ ತೋರಿಸುತ್ತದೆ? ಇಂಥ ಹೊತ್ತಲ್ಲಿ ಡೈರೆಕ್ಟರ್ ಬಾಯಿ ಬಿಡುವುದಿಲ್ಲ. ಬಿಟ್ಟರೆ ಜವಾಬ್ದಾರಿ ಅವರದಾಗುತ್ತದಲ್ಲ.

ಪ್ರೆಪ್‌ನಲ್ಲಿ ಯೂನಿಟ್‌ಗೆಲ್ಲ ಇದೇ ರೈಲುದಾರಿಯ ಸೇತುವೆಯ ಕಥೆಯಿರುವ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಸಿನಿಮಾ ತೋರಿಸಿದ್ದೆವು. ಉಳಿದವರು ಅದರ ಸಿಳ್ಳೆ ಕಲಿತರು. ನನ್ನ ತಲೆಯಲ್ಲಿ ಉಳಿದಿದ್ದು ಅದರ ಶೂಟಿಂಗ್ ಕಥೆ. 1957, ಶ್ರೀಲಂಕಾದ ಕಿತುಲ್‌ಗಲ. ರೈಲು ಸೇತುವೆ ಮೇಲೆ ಬಂದಾಗ ಸ್ಫೋಟ ಆಗಬೇಕು. ಆದರೆ ಒಬ್ಬ ಕ್ಯಾಮೆರಾಮ್ಯಾನ್ ಸುರಕ್ಷಿತ ಜಾಗ ಸೇರಿದ ಸೂಚನೆ ಬರಲಿಲ್ಲ. ಅದರ ಡೈರೆಕ್ಟರ್ ಡೇವಿಡ್ ಲೀನ್ ಸಿಡಿಸಲು ಬಿಡಲಿಲ್ಲ. ಚಾಲಕನಿಲ್ಲದ ರೈಲು ಸೇತುವೆ ದಾಟಿ ಆಚೆಗಿದ್ದ ಜನರೇಟರ್‌ಗೆ ಗುದ್ದಿತು. ಎಲ್ಲ ರಿಪೇರಿ ಮಾಡಿ, ಮತ್ತೆ ರೈಲು ಓಡಿಸಿ ಶಾಟ್ ತೆಗೆದರು.

ಅಷ್ಟು ದೊಡ್ಡ ನಷ್ಟಕ್ಕೆ ಅವರು ತಯಾರಾದ ಮೇಲೆ, ನಮ್ಮದು ಒಂದು ಸಂಜೆ.

"ಹೋಲ್ಡ್" ಅಂದೆ. ರನ್ನರ್ ಹೊಳೆ ದಾಟಿ ಹೋಗಿ ಕೈ ಬೀಸುವಷ್ಟರಲ್ಲಿ ಬಿಸಿಲು ಹೋಯಿತು. ಪ್ಯಾಕಪ್.

ಹುಡುಗ ಬಂಡೆ ಹಿಂದೆಯೇ ಇದ್ದ. ವಾಕಿ ಬ್ಯಾಟರಿ ಸತ್ತಿತ್ತು, ಅಷ್ಟೇ. ಮ್ಯಾನೇಜರ್‌ಗೆ ಇನ್ನೇನು ಬೇಕು? "ನಾನು ಹೇಳಿರಲಿಲ್ವೇನ್ರೀ?" ಮರುದಿನದ ಕಾಲ್‌ಶೀಟ್, ಜೂನಿಯರ್ ಕಲಾವಿದರ ದಿನಭತ್ಯೆ, ಎಫೆಕ್ಟ್ಸ್‌ನವರ ಎಕ್ಸ್‌ಟ್ರಾ, ಎಲ್ಲ ನನ್ನ ಲೆಕ್ಕಕ್ಕೆ. ಶೆಡ್ಯೂಲ್ ಮುಗಿಯುವವರೆಗೆ ನನ್ನ ಹೆಸರು 'ಬ್ಯಾಟರಿ ಸರ್'. ಸ್ಪೇರ್ ಬ್ಯಾಟರಿ ಕೇಳಿ ಕೊಟ್ಟ ಲಿಸ್ಟ್‌ಗೆ ಅಡ್ಡಗೆರೆ ಎಳೆದವರು ಯಾರೆಂದು ಮಾತ್ರ ಯಾರೂ ಕೇಳಲಿಲ್ಲ.

ಆ ಬ್ರಿಡ್ಜ್ ಸಿನಿಮಾದಲ್ಲಿ ಕೈದಿಗಳದೇ ಬ್ರಿಟಿಷ್ ಮುಖ್ಯಸ್ಥ ಕರ್ನಲ್ ನಿಕೋಲ್ಸನ್, ಸೇತುವೆ ಹೊತ್ತಿಗೆ ಸರಿಯಾಗಿ ಮುಗಿಯಲಿ ಅಂತ ಆಸ್ಪತ್ರೆಯಲ್ಲಿ ಮಲಗಿದ ಕೈದಿಗಳನ್ನೂ ಕೆಲಸಕ್ಕೆ ಎಬ್ಬಿಸುತ್ತಾನೆ. ಆ ದೃಶ್ಯ ನೋಡುವಾಗ ಮ್ಯಾನೇಜರ್ ನನ್ನ ಪಕ್ಕದಲ್ಲೇ ಕೂತು ತಲೆಯಾಡಿಸಿದ್ದರು. ಮೆಚ್ಚಿಕೊಂಡು ಅಂತ ಈಗ ಅನ್ನಿಸುತ್ತಿದೆ.

ಮರುದಿನ ವಾಕಿ ಜೊತೆಗೆ ಪ್ರತಿ ಕ್ಯಾಮೆರಾಗೂ ಒಂದೊಂದು ಟಾರ್ಚ್ ಬೇಕೆಂದೆ, ಮಾತು ಕೇಳದಿದ್ದರೆ ಬೆಳಕಾದರೂ ಕಾಣಲಿ ಅಂತ. ಗೋಪುರ ಚೆನ್ನಾಗಿಯೇ ಬಿತ್ತು. ಹೊಗೆ ಕರಗುವ ಮೊದಲೇ ಮ್ಯಾನೇಜರ್ ವೋಚರ್ ಹಿಡಿದು ಬಂದರು: "ನಿಮ್ಮ ಟಾರ್ಚ್‌ಗಳನ್ನ ಯಾವ ಖರ್ಚಿನ ಹೆಡ್‌ಗೆ ಹಾಕ್ಲಿ?"