ಗಾಡಿ ನೆರಳಲ್ಲಿ, ಡಿಶ್ ಬಿಸಿಲಲ್ಲಿ

ನಮ್ಮ ಹಳೆ ಟೆಂಪೋ ಟ್ರಾವೆಲರನ್ನು ಓಡಾಡುವ ಮನೆ ಮಾಡಿಕೊಂಡ ಮೇಲೆ ಅಂಗಡಿಗೆ ಬರುವವರು ಜಾಸ್ತಿ ಕೇಳುವುದು ಒಂದೇ ಮಾತು. ಹಾಸಿಗೆ ಹೇಗೆ ಮಾಡಿಸಿದಿರಿ, ಒಲೆ ಎಲ್ಲಿಟ್ಟಿರಿ ಅಂತಲ್ಲ. "ಅಕ್ಕಾ, ಅದರಲ್ಲಿ ಟಿವಿ ಹೇಗೆ ಬರುತ್ತೆ?" ಅಂತ. ಕೌಂಟರಿನಲ್ಲಿ ನಿಂತು ಅರ್ಧಂಬರ್ಧ ಹೇಳುವುದಕ್ಕಿಂತ ಇಲ್ಲಿ ಪೂರ್ತಿ ಬರೆದಿಡುತ್ತೇನೆ. ತುಮಕೂರಿನಲ್ಲಿ ನಮ್ಮದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ವೈರು, ಸ್ವಿಚ್ಚು, ಮೋಟಾರ್ ಸ್ಟಾರ್ಟರು ಮಾರುವವರು ನಾವು. ಹಾಗಾಗಿ ಈ ಕೆಲಸವನ್ನು ಬೇರೆಯವರಿಗೆ ಕೊಡದೆ ನಾನು ಮತ್ತು ನಮ್ಮನೆಯವರು ಸೇರಿ ಮಾಡಿದೆವು.

ಮೊಬೈಲ್ ಇರುವಾಗ ಟಿವಿ ಯಾಕೆ ಅಂತ ಕೆಲವರು ಕೇಳುತ್ತಾರೆ. ನಮ್ಮ ಜೊತೆ ಅತ್ತೆ, ಮಾವ ಇಬ್ಬರೂ ಬರುತ್ತಾರೆ. ಮಾವನಿಗೆ ಸಂಜೆ ವಾರ್ತೆ ಬೇಕು. ಅತ್ತೆಗೆ ಅವರ ಧಾರಾವಾಹಿ ಬೇಕು. ಅಂಗೈಯಗಲದ ಪರದೆಯನ್ನು ಕಣ್ಣು ಕಿರಿದು ಮಾಡಿಕೊಂಡು ನೋಡಿ ಅಂತ ಅವರಿಗೆ ಹೇಳಲು ನನಗೆ ಮನಸ್ಸಿಲ್ಲ. ಮೇಲಾಗಿ ನಾವು ಗಾಡಿ ನಿಲ್ಲಿಸುವುದು ಕೆರೆ ಏರಿಯ ಹತ್ತಿರ, ಬೆಟ್ಟದ ಬುಡದಲ್ಲಿ, ನೆಂಟರ ತೋಟದಲ್ಲಿ. ಅಲ್ಲೆಲ್ಲ ಮೊಬೈಲ್ ನೆಟ್‌ವರ್ಕ್ ಒಂದು ಗೆರೆ ಬಂದರೆ ದೊಡ್ಡದು. ಉಪಗ್ರಹಕ್ಕೆ ಟವರ್ ಬೇಡ. ಆ ದಿಕ್ಕಿನಲ್ಲಿ ಆಕಾಶ ತೆರೆದಿದ್ದರೆ ಸಾಕು.

ಈ ವಿಷಯ ಹುಡುಕಿದರೆ ಮೊದಲು ಸಿಗುವುದು ಅಮೆರಿಕದವರ ವಿಡಿಯೋಗಳು. ದೊಡ್ಡ ಬಸ್ಸಿನಂಥ ಗಾಡಿ, ಮೇಲೆ ಬಿಳಿ ಗುಮ್ಮಟ. ಬಟನ್ ಒತ್ತಿದರೆ ಗುಮ್ಮಟದೊಳಗಿನ ಡಿಶ್ ತಾನೇ ತಿರುಗಿ ಉಪಗ್ರಹ ಹುಡುಕಿಕೊಳ್ಳುತ್ತದೆ. ಓಡುವಾಗಲೂ ಹಿಡಿಯುವಂಥವು ಸಾವಿರ ಡಾಲರ್ ದಾಟುತ್ತವೆ. ನೋಡಲು ಬಹಳ ಚೆನ್ನ. ಆದರೆ ದಯವಿಟ್ಟು ಅಲ್ಲಿಂದ ತರಿಸಬೇಡಿ. ಅವು ಡೈರೆಕ್‌ಟಿವಿ, ಡಿಶ್ ನೆಟ್‌ವರ್ಕ್ ಅನ್ನುವ ಅಲ್ಲಿನ ಕಂಪನಿಗಳ ಉಪಗ್ರಹಗಳಿಗೆ ಹೊಂದಿಸಿದ ಗುಮ್ಮಟಗಳು. ಆ ಉಪಗ್ರಹಗಳು ಇರುವುದು ಪಶ್ಚಿಮ ರೇಖಾಂಶ 60ರಿಂದ 130 ಡಿಗ್ರಿ ನಡುವೆ. ನಮ್ಮ ಊರಿನಿಂದ ಅವು ಭೂಮಿಯ ಆ ಮಗ್ಗುಲಿನಲ್ಲಿವೆ, ಎಂದೂ ಮೇಲೆ ಬರುವುದೇ ಇಲ್ಲ. ಅಲ್ಲಿಯೂ ಕೂಡ ಡೈರೆಕ್‌ಟಿವಿಯ ಎಚ್‌ಡಿ ವಾಹಿನಿಗಳು ಕಾ ಬ್ಯಾಂಡ್ ಅನ್ನುವ ಬೇರೆ ತರಂಗದಲ್ಲಿ ಬರುವುದರಿಂದ ಚಿಕ್ಕ ಗುಮ್ಮಟಗಳು ಅವನ್ನು ಹಿಡಿಯುವುದಿಲ್ಲ. ಅಷ್ಟು ದುಡ್ಡು ಕೊಟ್ಟವರೇ ಎಸ್‌ಡಿ ನೋಡಿಕೊಂಡಿದ್ದಾರೆ.

ನಮಗೆ ಬೇಕಾದ್ದು ಮನೆಯ ಮೇಲೆ ಹಾಕುವ ಅದೇ 60 ಸೆಂಟಿಮೀಟರ್ ಡಿಶ್. ಪ್ರಶ್ನೆ ಇರುವುದು ಯಾವ ಉಪಗ್ರಹ, ಎಲ್ಲಿ ನಿಲ್ಲಿಸುವುದು ಅನ್ನುವುದು.

ಮೊದಲು ಯಾವುದು ಅಂತ ನೋಡೋಣ. ದೂರದರ್ಶನದ ಡಿಡಿ ಫ್ರೀ ಡಿಶ್ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಿನಲ್ಲಿ ಶುರುವಾದ ಸೇವೆ ಇದು. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. ಡಿಶ್, ಬಾಕ್ಸ್ ಎಲ್ಲ ಸೇರಿ ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತದೆ. ವರ್ಷದಲ್ಲಿ ಒಂದಷ್ಟು ದಿನ ಮಾತ್ರ ಗಾಡಿಯಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅಭಿಪ್ರಾಯ. ಡಿಡಿ ಚಂದನ ಬರುತ್ತದೆ, ಮಾವನ ವಾರ್ತೆ ಅಲ್ಲಿಗಾಯಿತು. ಅತ್ತೆಯ ಧಾರಾವಾಹಿಗಳು ಮಾತ್ರ ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ದುಡ್ಡು ಕೊಡುವ ಸೇವೆಯೇ ಆಗಬೇಕು. ಇಲ್ಲೊಂದು ಅನುಕೂಲ ಇದೆ. ಸನ್ ಡೈರೆಕ್ಟ್ ಕೂಡ ಇದೇ ಜಿಸ್ಯಾಟ್-15ನ್ನು ಬಳಸುತ್ತದೆ. ಡಿಶ್ ಅಲ್ಲಾಡಿಸದೆ ಬಾಕ್ಸ್ ಬದಲಾಯಿಸಿದರೆ ಆಯಿತು. ಟಾಟಾ ಪ್ಲೇ ಇರುವುದು 83 ಡಿಗ್ರಿಯಲ್ಲಿ, ಏರ್‌ಟೆಲ್ 108.2ರಲ್ಲಿ. ಮನೆಯಲ್ಲಿ ಈಗಾಗಲೇ ಅವುಗಳ ಬಾಕ್ಸ್ ಇದ್ದರೆ ಅದನ್ನೇ ಗಾಡಿಗೆ ಎತ್ತಿಕೊಂಡು ಬರಬಹುದು, ದಿಕ್ಕು ಬೇರೆ ಅಷ್ಟೇ. ಒಟ್ಟಿನಲ್ಲಿ ಗಾಡಿಯಲ್ಲಿ ಕೂತು ನೋಡುವವರು ಯಾರು, ಅವರಿಗೆ ಏನು ಬೇಕು ಅಂತ ಕೇಳಿ ಆಮೇಲೆ ಅಂಗಡಿಗೆ ಹೋಗಿ.

ಇನ್ನು ಎಲ್ಲಿ ನಿಲ್ಲಿಸುವುದು. ನಾನು ಇಷ್ಟೆಲ್ಲ ಬರೆಯಲು ಕೂತಿದ್ದು ಇದಕ್ಕೇ. ಡಿಶ್ಶನ್ನು ಗಾಡಿಯ ಮೇಲೆ ಕೂರಿಸಬೇಡಿ.

ಅಂತರಸನಹಳ್ಳಿ ಕಡೆ ಬಾಡಿ ಕೆಲಸ ಮಾಡಿಸುವಾಗ ಅಲ್ಲಿನ ಮೇಸ್ತ್ರಿ "ಮೇಲೆ ಒಂದು ಪ್ಲೇಟ್ ಬೆಸುಗೆ ಹಾಕಿ ಕೊಡ್ತೀನಿ, ಡಿಶ್ ಅಲ್ಲೇ ಇರಲಿ" ಅಂದರು. ನಾವು ಬೇಡ ಅಂದೆವು. ಮೇಲ್ಛಾವಣಿಗೆ ತೂತು ಬಿದ್ದರೆ ಮಳೆಗಾಲದಲ್ಲಿ ನೀರು ಇಳಿಯುತ್ತದೆ, ಪ್ರತಿ ಸಲ ಏಣಿ ಹತ್ತಬೇಕು, ಕೊಂಬೆ ತಾಗುತ್ತದೆ. ಇವೆಲ್ಲ ಸರಿ, ಆದರೆ ದೊಡ್ಡ ಕಾರಣ ಬೇರೆ. ನಮ್ಮ ಸೀಮೆಯಲ್ಲಿ ಏಪ್ರಿಲ್ ತಿಂಗಳಲ್ಲಿ ತಗಡಿನ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿದರೆ ಒಳಗೆ ಕೂರಲು ಆಗುವುದಿಲ್ಲ. ವಯಸ್ಸಾದವರು ಇದ್ದರಂತೂ ಹುಣಸೆ ಮರ, ಹೊಂಗೆ ಮರ ಹುಡುಕಲೇಬೇಕು. ಡಿಶ್ಶಿಗೆ ಬೇಕಾದ್ದು ತದ್ವಿರುದ್ಧ, ಮೇಲೆ ಒಂದು ಎಲೆಯೂ ಅಡ್ಡ ಬರಬಾರದು. ಒಂದೇ ಜಾಗದಲ್ಲಿ ಎರಡೂ ಹೇಗೆ ಆಗುತ್ತದೆ? ಗಾಡಿ ನೆರಳಲ್ಲಿ ಇರಲಿ. ಡಿಶ್ ಸ್ಟ್ಯಾಂಡಿನ ಮೇಲೆ ಬಿಸಿಲಲ್ಲಿ ಇರಲಿ. ನಡುವೆ 15 ಮೀಟರ್ ಆರ್‌ಜಿ-6 ಅನ್ನುವ ಡಿಶ್ ಕೇಬಲ್.

ಮರದಿಂದ ಎಷ್ಟು ದೂರ ಇಡಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ತುಮಕೂರಿನಿಂದ ನೋಡಿದರೆ 93.5 ಡಿಗ್ರಿಯ ಉಪಗ್ರಹ ಆಗ್ನೇಯದಲ್ಲಿದೆ. ಉತ್ತರದಿಂದ ಬಲಕ್ಕೆ ಎಣಿಸಿದರೆ ಸುಮಾರು 128 ಡಿಗ್ರಿ. ನೆಲದಿಂದ ಎತ್ತರ ಸುಮಾರು 65 ಡಿಗ್ರಿ. ಅಂದರೆ ಬಹಳ ಮೇಲಿದೆ, ಹೆಚ್ಚುಕಡಿಮೆ ತಲೆ ಎತ್ತಿ ನೋಡುವಷ್ಟು. ಇದು ನಮ್ಮ ಭಾಗ್ಯ. ಯುರೋಪಿನ ಉತ್ತರದವರಿಗೆ ಉಪಗ್ರಹ ಕೆಳಗೇ ಇರುತ್ತದೆ, ಪಕ್ಕದ ಮನೆಯೇ ಅಡ್ಡ ಬರುತ್ತದೆ. ನಮಗೆ ಹಾಗಿಲ್ಲ. ಆಗ್ನೇಯದಲ್ಲಿ ಮರ ಇದ್ದರೆ ಅದರ ಎತ್ತರದ ಅರ್ಧದಷ್ಟು ದೂರ ಹಿಂದೆ ಸರಿದರೆ ಸಾಕು. 60 ಅಡಿ ತೆಂಗಿನ ಮರಕ್ಕೆ 30 ಅಡಿ. ತಿಪಟೂರು ಕಡೆ ತೋಟದಲ್ಲಿ ಸಾಲಿಂದ ಸಾಲಿಗೆ ಅಷ್ಟು ಜಾಗ ಇರುವುದಿಲ್ಲ, ಅಲ್ಲಿ ಕಣದ ಕಡೆಗೋ ಬಾವಿ ಕಡೆಗೋ ಹೋಗಬೇಕು. ಮಧುಗಿರಿ ಬೆಟ್ಟ ಅಷ್ಟು ದೊಡ್ಡ ಕಲ್ಲು ಆದರೂ ತೀರಾ ಗೋಡೆಗೆ ಒತ್ತಿಕೊಂಡು ನಿಲ್ಲಿಸದಿದ್ದರೆ ಅಡ್ಡ ಬರುವುದಿಲ್ಲ. ಪಾವಗಡದಲ್ಲಿ ಈ ಚಿಂತೆಯೇ ಇಲ್ಲ. ಅಲ್ಲಿ ಮರ ಹುಡುಕುವುದೇ ಕೆಲಸ.

ಒಂದು ಚೆಂದದ ವಿಷಯ ಹೇಳುತ್ತೇನೆ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಬೆಳಗ್ಗೆ 11 ಗಂಟೆ ಸುಮಾರಿಗೆ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಬರುತ್ತಾನೆ. ಆಗ ಕೆಲವು ನಿಮಿಷ ಚಿತ್ರ ಒಡೆಯುತ್ತದೆ ಅಥವಾ ಹೋಗಿಯೇ ಬಿಡುತ್ತದೆ. ಡಿಶ್ ಕೆಟ್ಟಿತು ಅಂತ ಮುಟ್ಟಬೇಡಿ, ತಾನೇ ಸರಿಯಾಗುತ್ತದೆ. ಆ ಹೊತ್ತಿನಲ್ಲಿ ನೀವು ಹೊಸ ಜಾಗದಲ್ಲಿದ್ದರೆ ಇನ್ನೂ ಒಂದು ಉಪಯೋಗ ಇದೆ. ಎಲ್ಲಿ ಬಿಸಿಲು ಬಿದ್ದಿದೆಯೋ ಅಲ್ಲಿಗೆ ಉಪಗ್ರಹವೂ ಕಾಣುತ್ತದೆ. ಯಾವ ಮೀಟರೂ ಬೇಡ.

ಸ್ಟ್ಯಾಂಡಿಗೆ ನಾವು ಮೂರು ಕಾಲಿನ ಕಬ್ಬಿಣದ ಪೈಪ್ ಮಾಡಿಸಿದೆವು, ಮಡಚಿ ಸೀಟಿನ ಕೆಳಗೆ ತಳ್ಳುವಂಥದ್ದು. ನಡುವೆ ಒಂದು ಕೊಕ್ಕೆ ಇದೆ. ಅದಕ್ಕೆ 20 ಲೀಟರ್ ನೀರಿನ ಕ್ಯಾನ್ ನೇತು ಹಾಕಿದರೆ ಗಾಳಿಗೆ ಬೀಳುವುದಿಲ್ಲ. ಮುಖ್ಯವಾದದ್ದು ಪೈಪ್ ನೆಟ್ಟಗೆ ನಿಲ್ಲಬೇಕು. ಗಾರೆಯವರ ಮಟ್ಟಗೋಲು ಇಟ್ಟು ನೋಡಿ. ಪೈಪ್ ಓರೆ ಇದ್ದರೆ ಬ್ರಾಕೆಟ್ಟಿನ ಡಿಗ್ರಿ ಗುರುತು ಸುಳ್ಳು ಹೇಳುತ್ತದೆ, ಆಮೇಲೆ ಅರ್ಧ ದಿನ ಹುಡುಕಿದರೂ ಸಿಗುವುದಿಲ್ಲ.

ಹೊಂದಿಸುವುದು ಹೀಗೆ. ಮೊಬೈಲಿನ ದಿಕ್ಸೂಚಿಯನ್ನು ಗಾಡಿಯಿಂದ ದೂರ ಹಿಡಿಯಿರಿ, ಕಬ್ಬಿಣದ ಹತ್ತಿರ ಅದು ತಪ್ಪು ತೋರಿಸುತ್ತದೆ. 128 ಡಿಗ್ರಿಗೆ ಎದುರಾಗಿ ದೂರದಲ್ಲಿ ಯಾವುದಾದರೂ ಕಂಬವನ್ನೋ ಮರವನ್ನೋ ಗುರುತು ಇಟ್ಟುಕೊಳ್ಳಿ. ಡಿಶ್ಶಿನ ಮುಖ ಆ ಕಡೆ ತಿರುಗಿಸಿ. ಹಿಂದಿನ ಬ್ರಾಕೆಟ್ಟಿನಲ್ಲಿ ಎತ್ತರ 65ಕ್ಕೆ ಇಡಿ. ಡಿಶ್ ಅಷ್ಟು ಮೇಲೆ ನೋಡುತ್ತಿರುವಂತೆ ಕಣ್ಣಿಗೆ ಕಾಣುವುದಿಲ್ಲ, ಅನುಮಾನ ಪಡಬೇಡಿ. ಇದು ಆಫ್‌ಸೆಟ್ ಡಿಶ್. ಎಲ್‌ಎನ್‌ಬಿ (ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ) ಕೆಳಗಿನ ಕೋಲಿನ ತುದಿಯಲ್ಲಿ ಇರುವುದರಿಂದ ಮುಖ ನಿಜವಾದ ದಿಕ್ಕಿಗಿಂತ 20 ಡಿಗ್ರಿಗೂ ಜಾಸ್ತಿ ಕೆಳಗೆ ಬಾಗಿದಂತೆ ಕಾಣುತ್ತದೆ. ಗುರುತನ್ನೇ ನಂಬಿ.

ಈಗ ಟಿವಿಯಲ್ಲಿ ಬಾಕ್ಸಿನ ಸೆಟ್ಟಿಂಗ್ ತೆರೆದರೆ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ನೋಡಿ ಖುಷಿ ಪಡಬೇಡಿ. ಕೇಬಲ್ ಚುಚ್ಚಿ ಎಲ್‌ಎನ್‌ಬಿಗೆ ಕರೆಂಟ್ ಹೋದರೆ ಸಾಕು, ಡಿಶ್ ಗೋಡೆ ಕಡೆ ಇದ್ದರೂ ಅದು ಏರುತ್ತದೆ. ಕ್ವಾಲಿಟಿ ಬಂದರೆ ಮಾತ್ರ ಉಪಗ್ರಹ ಸಿಕ್ಕಿದೆ ಅಂತ. ಡಿಶ್ಶನ್ನು ಎಡಕ್ಕೆ ಬಲಕ್ಕೆ ಒಂದು ಬೆರಳಿನಷ್ಟು ತಿರುಗಿಸಿ, ಎರಡು ಮೂರು ಸೆಕೆಂಡ್ ನಿಲ್ಲಿ, ಮತ್ತೆ ತಿರುಗಿಸಿ. ಬಾಕ್ಸಿಗೆ ಹಿಡಿದುಕೊಳ್ಳಲು ಅಷ್ಟು ಹೊತ್ತು ಬೇಕು. ಸರಸರ ತಿರುಗಿಸಿದರೆ ಉಪಗ್ರಹವನ್ನು ದಾಟಿ ಹೋಗುತ್ತೀರಿ. ಅಂಗಡಿಯಲ್ಲಿ ಸಿಗುವ ಪೀಂ ಅನ್ನುವ ಚಿಕ್ಕ ಫೈಂಡರ್ ಮೀಟರ್ ಸಹಾಯ ಮಾಡುತ್ತದೆ, ಆದರೆ ಅದಕ್ಕೆ ಉಪಗ್ರಹದ ಹೆಸರು ಗೊತ್ತಾಗುವುದಿಲ್ಲ. ಪಕ್ಕದಲ್ಲೇ 95 ಡಿಗ್ರಿಯಲ್ಲಿ ಒಂದು, ಈ ಕಡೆ 91.5ರಲ್ಲಿ ಒಂದು ಇವೆ. 60 ಸೆಂಟಿಮೀಟರ್ ಡಿಶ್ಶಿನ ನೋಟದ ಅಗಲವೇ ಸುಮಾರು 3 ಡಿಗ್ರಿ. ಹಾಗಾಗಿ ಮೀಟರ್ ಮೂರಕ್ಕೂ ಪೀಂ ಅನ್ನುತ್ತದೆ. ಕೊನೆಯ ಮಾತು ಬಾಕ್ಸಿನದ್ದೇ. ಕ್ವಾಲಿಟಿ ಬಂದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ನಿಧಾನವಾಗಿ ತಿರುಗಿಸಿ, ಪಟ್ಟಿ ಹೆಚ್ಚು ಇರುವಲ್ಲಿ ಬಿಗಿ ಮಾಡಿ. ಅದು ನೆಟ್ಟಗೆ ನಿಲ್ಲದೆ ಓರೆಯಾಗಿ ನಿಂತರೆ ಸರಿಯೇ.

ಇಬ್ಬರಿದ್ದರೆ ಈ ಕೆಲಸ ಬೇಗ ಆಗುತ್ತದೆ. ನಮ್ಮಲ್ಲಿ ನಾನು ಡಿಶ್ ಹತ್ತಿರ, ಮಾವ ಟಿವಿ ಮುಂದೆ. "ಬಂತಮ್ಮ, ಬಂತು, ನಿಲ್ಸು" ಅಂತ ಅವರು ಕೂಗುವಾಗ ಅವರ ದನಿಯಲ್ಲಿರುವ ಉತ್ಸಾಹ ನನಗೆ ಬಹಳ ಇಷ್ಟ.

ಕರೆಂಟಿನ ವಿಷಯಕ್ಕೆ ಬರೋಣ. ಬಾಕ್ಸ್ ಕೊಳ್ಳುವಾಗ ಅಡಾಪ್ಟರ್ ತಿರುಗಿಸಿ ನೋಡಿ. 12 ವೋಲ್ಟ್ ಡಿಸಿ ಅಂತ ಬರೆದಿದ್ದರೆ ಬ್ಯಾಟರಿಯಿಂದಲೇ ಓಡುತ್ತದೆ. ಟಿವಿಯೂ 12 ವೋಲ್ಟಿನದ್ದೇ ಸಿಕ್ಕರೆ ಇನ್ವರ್ಟರ್ ಬೇಕೇ ಇಲ್ಲ. ಇನ್ವರ್ಟರ್ ಹಾಕಿದರೆ ಅದೇ ಒಂದಿಷ್ಟು ಕರೆಂಟ್ ತಿನ್ನುತ್ತದೆ. ಆದರೆ ಬ್ಯಾಟರಿಗೆ ನೇರವಾಗಿ ಕೊಡಬೇಡಿ. ಇಂಜಿನ್ ಓಡುವಾಗ, ಸೋಲಾರ್ ಚಾರ್ಜ್ ಆಗುವಾಗ 14 ವೋಲ್ಟ್ ದಾಟುತ್ತದೆ. ನಡುವೆ 12 ವೋಲ್ಟಿಗೆ ಹಿಡಿದಿಡುವ ಡಿಸಿ ಕನ್ವರ್ಟರ್ ಹಾಕಿ. ಬ್ಯಾಟರಿಯ ಪಾಸಿಟಿವ್ ಹತ್ತಿರವೇ 5 ಆಂಪ್ ಫ್ಯೂಸ್, ಅಲ್ಲಿಂದ 2.5 ಸ್ಕ್ವೇರ್ ಎಂಎಂ ವೈರ್. 24 ಇಂಚಿನ ಟಿವಿ 30 ವ್ಯಾಟ್, ಬಾಕ್ಸ್ ಮತ್ತು ಎಲ್‌ಎನ್‌ಬಿ ಸೇರಿ 10 ಅಂತ ಹಿಡಿಯಿರಿ. ಮೂರೂವರೆ ಆಂಪಿನ ಒಳಗೆ. ಸಂಜೆ ನಾಲ್ಕು ಗಂಟೆ ನೋಡಿದರೆ 14 ಆಂಪಿಯರ್-ಅವರ್. 100ರ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಇದು ಇಂಜಿನ್ ಬ್ಯಾಟರಿ ಆಗಿರಬಾರದು, ಬೇರೆಯದ್ದೇ ಇರಬೇಕು. ಟಿವಿ ನೋಡಿ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಕಾಡಿನಲ್ಲಿ ಯಾರನ್ನು ಕರೆಯುವುದು?

ಕೇಬಲ್ಲನ್ನು ಬಾಗಿಲಿನ ಸಂದಿಯಲ್ಲಿ ತರಬೇಡಿ, ನಾಲ್ಕು ಸಲ ಬಾಗಿಲು ಹಾಕಿದರೆ ಒಳಗಿನ ತಾಮ್ರ ನಜ್ಜುಗುಜ್ಜಾಗುತ್ತದೆ. ನಾವು ಗಾಡಿಯ ಪಕ್ಕದಲ್ಲಿ ರಬ್ಬರ್ ಮುಚ್ಚಳ ಇರುವ ಒಂದು ಎಫ್ ಸಾಕೆಟ್ ಕೂರಿಸಿದ್ದೇವೆ. ಹೊರಗಿನಿಂದ ತಿರುಪಿದರೆ ಆಯಿತು. ಕೇಬಲ್ ಹಾಕುವಾಗ, ಬಿಚ್ಚುವಾಗ ಬಾಕ್ಸ್ ಆಫ್ ಇರಲಿ. ಆ ಕೇಬಲ್ಲಿನಲ್ಲಿ ಎಲ್‌ಎನ್‌ಬಿಗಾಗಿ 13 ಅಥವಾ 18 ವೋಲ್ಟ್ ಹರಿಯುತ್ತಿರುತ್ತದೆ, ನಡುವಿನ ತಂತಿ ಹೊರ ಜಾಲರಿಗೆ ತಾಗಿದರೆ ಬಾಕ್ಸ್ ಸುಡಬಹುದು.

ಜೋರು ಮಳೆಗೆ ಚಿತ್ರ ಹೋಗುತ್ತದೆ, ಈ ಉಪಗ್ರಹಗಳು ಬಳಸುವ ಕೆಯು ಬ್ಯಾಂಡ್ ಅನ್ನುವ ತರಂಗದ ಸ್ವಭಾವವೇ ಅದು. ಮಳೆ ಕಡಿಮೆಯಾದರೆ ಬರುತ್ತದೆ. ಗುಡುಗು ಮಿಂಚು ಬರುವ ಹಾಗಿದ್ದರೆ ಮಾತ್ರ ಕಾಯಬೇಡಿ, ಶುರುವಾಗುವ ಮೊದಲೇ ಸಾಕೆಟ್ಟಿನಿಂದ ಕೇಬಲ್ ಬಿಚ್ಚಿ ಹೊರಗೆ ಬಿಡಿ, ಶುರುವಾದ ಮೇಲೆ ಮುಟ್ಟಬೇಡಿ. ಬಯಲಲ್ಲಿ ನಿಂತ ಕಬ್ಬಿಣದ ಕೋಲಿಗೂ ನೀವು ಮಲಗಿರುವ ಗಾಡಿಗೂ ಆ ಹೊತ್ತಿನಲ್ಲಿ ಸಂಬಂಧ ಇರಬಾರದು.

ಊರು ಬದಲಾದರೆ ಕೋನವೂ ಸ್ವಲ್ಪ ಬದಲಾಗುತ್ತದೆ. ಗೋಕರ್ಣದಲ್ಲಿ ದಿಕ್ಕು ಸುಮಾರು 126, ಎತ್ತರ 62. ಮಳೆಗಾಲ ಕಳೆದ ಮೇಲೆ ಬೀದರ್ ಕಡೆ ಹೋಗುವ ಯೋಚನೆ ಇದೆ. ಅಲ್ಲಿಗೆ ದಿಕ್ಕು 137, ಎತ್ತರ 62 ಅಂತ ಲೆಕ್ಕ ಹಾಕಿ ಸ್ಟ್ಯಾಂಡಿನ ಮೇಲೆ ಪೇಂಟಿನಲ್ಲಿ ಈಗಲೇ ಬರೆದಿಟ್ಟಿದ್ದೇನೆ. ನಿಮ್ಮ ಊರಿನ ಲೆಕ್ಕ ಬೇಕಿದ್ದರೆ ಕೇಳಿ, ಹಾಕಿ ಕೊಡುತ್ತೇನೆ.