ತೊಟ್ಟು ಕಳಚಿದ ಗಂಟೆ

ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ನೋಡಿಕೊಳ್ಳುವುದು ನನ್ನ ಕೆಲಸ. ಮೈಮೇಲೆ ಸಿಲಿಯಾ ಎಂಬ ಸೂಕ್ಷ್ಮ ರೋಮಗಳಿರುವ ಏಕಕೋಶ ಜೀವಿಗಳಾದ ಸಿಲಿಯೇಟ್‌ಗಳ ಪಾಠ ಬಂದಾಗ ನಾಲೆ ನೀರಿಗೆ ಒಂದು ಹಿಡಿ ಭತ್ತದ ಹುಲ್ಲು ಹಾಕಿಡುತ್ತೇನೆ. ಹುಲ್ಲು ಕೊಳೆತು ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಅವನ್ನು ತಿನ್ನಲು ಪ್ಯಾರಾಮೀಸಿಯಂ ಬರುತ್ತದೆ. ವೋರ್ಟಿಸೆಲ್ಲಾ ಬೇಕೆಂದರೆ ಕೆರೆಯ ಅಂತರಗಂಗೆ ಬೇರು ತರುತ್ತೇನೆ. ಅದು ತೊಟ್ಟಿನ ಮೇಲೆ ನಿಂತ ಪುಟ್ಟ ಗಂಟೆಯ ಹಾಗೆ. ಸ್ಲೈಡ್ ಸ್ವಲ್ಪ ಅಲುಗಿದರೂ ಸಾಕು, ತೊಟ್ಟು ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಳ್ಳುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ವಿದ್ಯಾರ್ಥಿನಿ ಕರೆದಳು. "ಮೇಡಂ, ಇದಕ್ಕೆ ತೊಟ್ಟೇ ಇಲ್ಲ, ಓಡ್ತಾ ಇದೆ. ವೋರ್ಟಿಸೆಲ್ಲಾ ಅಂತ ಬರೆದಿದ್ದೀನಿ, ಸರೀನಾ?"

ಒಮ್ಮೆ ಕಣ್ಣಾಡಿಸಿದೆ. ತೊಟ್ಟಿಲ್ಲದ್ದು ವೋರ್ಟಿಸೆಲ್ಲಾ ಹೇಗಾಗುತ್ತದೆ ಎಂದು ಹೇಳಿ, ಅವಳು ಬರೆದಿದ್ದ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ. ಅವಳು ಸುಮ್ನಿರಲಿಲ್ಲ. ಓಡುತ್ತಿದ್ದ ಒಂದನ್ನು ಡ್ರಾಪರ್‌ನಲ್ಲಿ ಹಿಡಿದು, ಕುಳಿ ಇರುವ ಸ್ಲೈಡಿನಲ್ಲಿ ಒಂದೇ ಹನಿ ನೀರಿಗೆ ಬಿಟ್ಟು, ಒಣಗದಂತೆ ಮುಚ್ಚಿಟ್ಟು ಹೋದಳು. ಮರುದಿನ ಅದು ಗಾಜಿಗೆ ಅಂಟಿ ಕುಳಿತಿತ್ತು. ಅಡಿಯಲ್ಲಿ ಗಿಡ್ಡ ತೊಟ್ಟು ಬೇರೆ!

ಆ ಓಡುವ ರೂಪಕ್ಕೆ ಟೆಲೋಟ್ರಾಕ್ ಎನ್ನುತ್ತಾರೆ. ಇದ್ದ ಜಾಗ ಹಿಡಿಸದಿದ್ದರೆ ವೋರ್ಟಿಸೆಲ್ಲಾ ಬುಡದ ಬಳಿ ಸಿಲಿಯಾಗಳ ಇನ್ನೊಂದು ಬಳೆ ಬೆಳೆಸಿಕೊಂಡು, ತೊಟ್ಟನ್ನು ಅಲ್ಲೇ ಬಿಟ್ಟು ಈಜಿ ಹೋಗುತ್ತದೆ. ಒಳ್ಳೆಯ ಜಾಗ ಸಿಕ್ಕರೆ ಹೊಸ ತೊಟ್ಟು. ಒಂದು ಜೀವಕೋಶ ಎರಡಾದಾಗಲೂ ಒಂದು ತೊಟ್ಟಿನಲ್ಲೇ ಉಳಿದು ಇನ್ನೊಂದು ಹೀಗೆ ಹೊರಡುತ್ತದೆ.

ಅಂದು ನಾನು ನೋಡಬೇಕಿದ್ದದ್ದು ಒಳಗಿನ ದೊಡ್ಡ ನ್ಯೂಕ್ಲಿಯಸ್ಸನ್ನು. ಬಗ್ಗಿದ ಲಾಳದಂತಿರುವ ಅದು ಓಡುವಾಗಲೂ ಇರುತ್ತದೆ. ಮೀಥೈಲ್ ಗ್ರೀನ್ ಎಂಬ ಬಣ್ಣವನ್ನು ಒಂದು ಹನಿ ಬಿಟ್ಟರೆ ಹಸಿರಾಗಿ ಎದ್ದು ಕಾಣುತ್ತದೆ. ಸಿಲಿಯೇಟ್‌ಗಳಲ್ಲಿ ನ್ಯೂಕ್ಲಿಯಸ್ ಎರಡು ಬಗೆ. ದಿನದ ಕೆಲಸ ದೊಡ್ಡದರದ್ದು, ಲೈಂಗಿಕ ಕ್ರಿಯೆಯಲ್ಲಿ ಮುಂದಿನ ಪೀಳಿಗೆಗೆ ಹೋಗುವುದು ಚಿಕ್ಕದು.

ಹೊರಗಿನ ಆಕಾರವನ್ನಷ್ಟೇ ನಂಬಿದರೆ ವರ್ಗೀಕರಣ ತಪ್ಪಬಹುದು. ಕಹಳೆಯಂತೆ ಅಂಟಿ ನಿಲ್ಲುವ ಸ್ಟೆಂಟರ್ ನೋಡಿದರೆ ವೋರ್ಟಿಸೆಲ್ಲಾದ ಅಣ್ಣನೇನೋ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಹೆಟೆರೋಟ್ರಿಕಿಯಾ ವರ್ಗದ್ದು. ವೋರ್ಟಿಸೆಲ್ಲಾ ಸೇರುವುದು ಚಪ್ಪಲಿ ಆಕಾರದ ಪ್ಯಾರಾಮೀಸಿಯಂ ಇರುವ ಒಲಿಗೋಹೈಮೆನೋಫೋರಿಯಾಕ್ಕೆ. ಬಾಯಿಯ ಸುತ್ತ ಸಿಲಿಯಾಗಳ ಜೋಡಣೆ, ಅವುಗಳ ಬುಡದಿಂದ ಹೊರಡುವ ಎಳೆಗಳ ನೇಯ್ಗೆ, ಈಗ ಡಿಎನ್‌ಎ ಕೂಡ, ಇವನ್ನು ನೋಡಿ ವಿಂಗಡಿಸುತ್ತಾರೆ. ರೇಷ್ಮೆ ಸೀರೆಯನ್ನು ತಿರುಗಿಸಿ ಹಿಂಬದಿ ನೋಡಿದ ಹಾಗೆ.

ಅವಳ ರೆಕಾರ್ಡಿನಲ್ಲಿ ನನ್ನ ಕೆಂಪು ಗೆರೆಯ ಮೇಲೆ "ವೋರ್ಟಿಸೆಲ್ಲಾ, ಟೆಲೋಟ್ರಾಕ್, ಸರಿ" ಎಂದು ಬರೆದು ಸಹಿ ಹಾಕಿದೆ. ಈಗ ಪ್ರತಿ ಬ್ಯಾಚಿಗೂ ಕುಳಿ ಸ್ಲೈಡ್ ಜಾಸ್ತಿ ತೆಗೆದಿಡುತ್ತೇನೆ. ಹೆಸರಿನ ಜಾಗವನ್ನು ಮರುದಿನದವರೆಗೆ ಖಾಲಿ ಬಿಡಿಸುತ್ತೇನೆ.